ಮೇಲಿನ ಮನೆಯ ಹೀಟರ್

ಮನೆ ಒಂದೇ ಆದರೂ ಒಲೆ ಎರಡಾಗಿ ಎರಡು ವರ್ಷವಾಗಿತ್ತು. ಕೆಳಗೆ ಹಿರಿಯ ಸೊಸೆ ಮತ್ತು ಅವಳ ಗಂಡ. ಮಹಡಿಯ ಮೇಲೆ ಕಿರಿಯ ಸೊಸೆ, ಅವಳ ಗಂಡ, ಜೊತೆಗೆ ಅತ್ತೆ. ಜಗಳ ಯಾತಕ್ಕಾಯಿತು ಎಂದು ಯಾರಾದರೂ ಕೇಳಿದರೆ ವಾರಗಿತ್ತಿಯರಿಬ್ಬರೂ ತಡವರಿಸುತ್ತಿದ್ದರು. ಹಿರಿಯಳಿಗೆ ಮಾತ್ರ ಕಾರಣ ಒಳಗೊಳಗೇ ಗೊತ್ತಿತ್ತು. ಹದಿನೆಂಟು ವರ್ಷ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿದವಳು ತಾನು. ಮನೆ ಬೇರೆಯಾದ ದಿನ ಅತ್ತೆ ಟ್ರಂಕು ಎತ್ತಿಸಿಕೊಂಡು ಮೆಟ್ಟಿಲು ಹತ್ತಿದ್ದು ಕಿರಿಯಳ ಹಿಂದೆ.

ಪಾತ್ರೆಪಗಡೆ ಹಂಚಿಕೊಂಡವರು ಕರೆಂಟನ್ನು ಹಂಚಿಕೊಂಡಿರಲಿಲ್ಲ. ಬೀದಿಬಾಗಿಲ ಹಿಂದೆ ಒಂದು ಮೀಟರು, ಒಂದು ಮೇನ್ ಸ್ವಿಚ್ಚು, ಎರಡು ಮನೆಗೂ ಸೇರಿ ಬಿಳಿ ಪಿಂಗಾಣಿಯ ಒಂದೇ ಫ್ಯೂಸು. ಚಳಿ ಶುರುವಾದ ಮೇಲೆ ಅತ್ತೆಯ ಮಂಡಿನೋವಿಗೆಂದು ಮೇಲಿನವರು ಕೋಣೆ ಬೆಚ್ಚಗಿಡುವ ದೊಡ್ಡ ಹೀಟರ್ ತಂದರು. ಕೆಳಗೆ ಹಿರಿಯಳು ಶಾಲೆ ಮಕ್ಕಳ ಯೂನಿಫಾರಂ ಹೊಲಿದು, ಇಸ್ತ್ರಿ ಮಾಡಿ ಅಂಗಡಿಗೆ ಕೊಡುವವಳು. ಹೀಟರೂ ಇಸ್ತ್ರಿಪೆಟ್ಟಿಗೆಯೂ ಒಟ್ಟಿಗೆ ಶುರುವಾದವೆಂದರೆ ಸ್ವಲ್ಪ ಹೊತ್ತಿಗೆ ಟಪ್ ಅಂತ ಎರಡೂ ಮನೆ ಕತ್ತಲು.

"ಅವರು ಬೇಕಂತ್ಲೇ ಮಾಡೋ ಕೆಲಸ," ಎಂದು ಹಿರಿಯಳು ಗಂಡನ ಮುಂದೆ ದೂರುತ್ತಿದ್ದಳು. ನಿಜ ಹೇಳಬೇಕೆಂದರೆ ಬೇಕಂತಲೇ ಮಾಡುತ್ತಿದ್ದವಳು ಅವಳೇ. ಮೇಲೆ ಹೀಟರಿನ ಫ್ಯಾನು ಗುಂಯ್ ಎಂದದ್ದು ಕೇಳಿದರೆ ಸಾಕು, ಬಟ್ಟೆ ಇರಲಿ ಬಿಡಲಿ, ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಚುಚ್ಚುತ್ತಿದ್ದಳು. ಕಿರಿಯಳು ಗೊಣಗುತ್ತ ಮೆಟ್ಟಿಲಿಳಿದು ಬಂದು ಫ್ಯೂಸು ನೋಡುವಾಗ ಇವಳಿಗೆ ಏನೋ ಒಂದು ತೃಪ್ತಿ.

ಹಿರಿಯಳ ಗಂಡ ಪ್ರೆಸ್ಸಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು, ಸಾಧು ಮನುಷ್ಯ. ಪ್ರತಿ ಸಲ ಫ್ಯೂಸು ಕಟ್ಟಿ ಕಟ್ಟಿ ಅವನಿಗೆ ಸಾಕುಸಾಕಾಗಿತ್ತು. ಒಂದು ಭಾನುವಾರ ಸ್ಟೂಲು ಹತ್ತಿ, ಕೂದಲೆಳೆಯಂಥ ಫ್ಯೂಸ್ ತಂತಿಯ ಬದಲು ಹಳೇ ವೈರಿನಿಂದ ಬಿಡಿಸಿದ ದಪ್ಪ ತಾಮ್ರದ ತಂತಿಯನ್ನು ಎರಡು ಸುತ್ತು ಸುತ್ತಿದ. "ಇನ್ನು ಹೇಗೆ ಹೋಗತ್ತೋ ನಾನೂ ನೋಡ್ತೀನಿ!" ಎಂದ. ಟಾರ್ಚು ಹಿಡಿದು ನಿಂತಿದ್ದವಳು ಹಿರಿಯಳೇ.

ನಿಜಕ್ಕೂ ಹೋಗಲಿಲ್ಲ. ಹತ್ತು ದಿನ ಹೀಟರೂ ಉರಿಯಿತು, ಇಸ್ತ್ರಿಯೂ ನಡೆಯಿತು.

ಹನ್ನೊಂದನೆಯ ದಿನ ಮಧ್ಯಾಹ್ನ ಹಿರಿಯಳು ಕಾಲರುಗಳನ್ನು ಇಸ್ತ್ರಿ ಮಾಡುತ್ತಿದ್ದಾಗ ಮೂಗಿಗೆ ಕಮಟು ವಾಸನೆ ಅಡರಿತು. ಬಟ್ಟೆ ಸುಟ್ಟಿತೇನೋ ಎಂದು ತಿರುವಿ ನೋಡಿದಳು. ಬಟ್ಟೆ ಬೆಳ್ಳಗೇ ಇತ್ತು. ವಾಸನೆ ರಬ್ಬರಿನದು, ಮೇಲಿಂದ ಬರುತ್ತಿತ್ತು. ಹೊರಗೆ ಬಂದು ನೋಡಿದರೆ ಮಹಡಿಯ ಕಿಟಕಿಯಿಂದ ಎಳೆಯಾಗಿ ಹೊಗೆ. ಕಿರಿಯಳು ಔಷಧಿ ಅಂಗಡಿಯ ಕೆಲಸಕ್ಕೆ ಹೋದವಳು ಇನ್ನೂ ಬಂದಿರಲಿಲ್ಲ. ಒಳಗೆ ಅತ್ತೆ ಒಬ್ಬರೇ.

ಓಡಲು ಎತ್ತಿದ ಕಾಲನ್ನು ಹಿಂದಕ್ಕೆಳೆದುಕೊಂಡು ಅವಳು ಮೊದಲು ಮೇನ್ ಸ್ವಿಚ್ಚನ್ನು ಕೆಳಕ್ಕೆಳೆದಳು. ಆಮೇಲೆ ಎರಡೆರಡು ಮೆಟ್ಟಿಲು ಹಾರಿದಳು. ಆ ಬಾಗಿಲು ತಳ್ಳಿದ್ದು ಎರಡು ವರ್ಷದಲ್ಲಿ ಅದೇ ಮೊದಲು. ಅತ್ತೆ ಮಂಚದ ಮೇಲೆ ಎದ್ದು ಕೂತು ಕೆಮ್ಮುತ್ತಿದ್ದರು. ಹೀಟರಿನ ಹಿಂದೆ ಪ್ಲಗ್ ಪಾಯಿಂಟು ಕಪ್ಪಗೆ ಕರಗಿ ಜೋತುಬಿದ್ದಿತ್ತು. ವೈರು ಹೊತ್ತು ಗೋಡೆಯುದ್ದಕ್ಕೂ ಹೋದ ಮರದ ಪಟ್ಟಿ ಹೊಗೆಯಾಡುತ್ತಿತ್ತು.

ಪಕ್ಕದ ಮನೆಯಾತ ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದ. "ನೀರು ಹಾಕ್ಬೇಡಿ ಅಣ್ಣ, ಕರೆಂಟಿಂದು! ಕುಂಡದಲ್ಲಿರೋ ಮಣ್ಣು ತನ್ನಿ!" ಎಂದು ಕೂಗಿ, ಹಿರಿಯಳು ಅತ್ತೆಯ ಸೊಂಟಕ್ಕೆ ಕೈ ಹಾಕಿದಳು.

"ನೀನಾ?" ಎಂದರು ಅತ್ತೆ.

"ನಾನೇ. ಮಾತು ಆಮೇಲೆ. ನನ್ ಹೆಗಲು ಹಿಡ್ಕೊಳ್ಳಿ."

ಕರೆಂಟು ನಿಂತಿದ್ದರಿಂದ ಹೊಗೆ ತಾನಾಗಿ ಇಳಿಯಿತು. ಉಳಿದದ್ದನ್ನು ಮಣ್ಣು ಮುಗಿಸಿತು. ಸುದ್ದಿ ಕೇಳಿ ಓಡಿ ಬಂದ ಕಿರಿಯಳು ಕೆಳಗಿನ ಮನೆಯ ಹೊಸ್ತಿಲಲ್ಲಿ ಗಕ್ಕನೆ ನಿಂತಳು. ಒಳಗೆ ಅತ್ತೆ ಹಿರಿಯಳ ಹಾಸಿಗೆಯಲ್ಲಿ ಕೂತು ನೀರು ಕುಡಿಯುತ್ತಿದ್ದರು.

ಸಂಜೆಗೆ ಮುಂಚೆ ವೈರಿಂಗ್ ಕೆಲಸದವಳು ಬಂದಳು. ಲೈನ್‌ಮನ್ ಒಬ್ಬನ ಮಗಳು, ಅಪ್ಪನ ಹಿಂದೆ ಸುತ್ತಿ ಕೆಲಸ ಕಲಿತವಳು. ಮೇಲೆ ಕೆಳಗೆ ಎಲ್ಲ ನೋಡಿ, ಕೊನೆಗೆ ಫ್ಯೂಸು ಕಿತ್ತು ಅಂಗೈಯಲ್ಲಿಟ್ಟುಕೊಂಡಳು.

"ಇದನ್ನ ಯಾರು ಕಟ್ಟಿದ್ದು?"

ಪ್ರೆಸ್ಸಿನಿಂದ ಆಗತಾನೇ ಬಂದಿದ್ದ ಗಂಡ ನೆಲ ನೋಡಿದ.

"ಮೇಲೆ ಹೋಗಿರೋದು ದೀಪಕ್ಕೆ, ಫ್ಯಾನಿಗೆ ಅಂತ ಎಳೆದ ಸಣ್ಣ ವೈರು. ಅದಕ್ಕೆ ಹೀಟರ್ ಹಾಕಿದ್ದೀರ. ವೈರು ಕಾಯೋ ಮುಂಚೆ ತಾನು ಕರಗಿ ಕರೆಂಟು ನಿಲ್ಲಿಸ್ಲಿ ಅಂತ ಫ್ಯೂಸ್ ತಂತಿ ಇರೋದು. ನೀವು ಹಾಕಿರೋ ತಂತಿ ಕರಗೋ ಜಾತಿದಲ್ಲ. ಅದಕ್ಕೇ ಅದರ ಬದಲು ಗೋಡೆ ಕಾದಿದೆ."

ಕಿರಿಯಳು ಬಾಯಿ ತೆರೆಯುವ ಮೊದಲೇ ಹಿರಿಯಳು ಮುಂದೆ ಬಂದಳು. "ಅವರೊಬ್ಬರದೇ ತಪ್ಪಲ್ಲ. ಟಾರ್ಚ್ ಹಿಡಿದಿದ್ದು ನಾನು. ಅದಕ್ಕೂ ಮೊದಲು... ನಿಮ್ ಹೀಟರ್ ಸದ್ದು ಕೇಳಿದಾಗೆಲ್ಲ ಬೇಕಂತ್ಲೇ ಇಸ್ತ್ರಿಪೆಟ್ಟಿಗೆ ಹಾಕ್ತಿದ್ದೆ ಕಣೇ. ಫ್ಯೂಸ್ ಹೋಗ್ಲಿ ಅಂತ. ಅತ್ತೆ ಒಳಗಿದಾರೆ ಅನ್ನೋದೇ ನಂಗೆ ತೋಚಲಿಲ್ಲ."

ಕಿರಿಯಳ ಮುಖ ಕೆಂಪಾಯಿತು. ಬಯ್ಯುತ್ತಾಳೆಂದು ಎಲ್ಲರೂ ಕಾದರು.

"ನಂಗೆ ಗೊತ್ತಿತ್ತಕ್ಕ," ಎಂದಳು ಅವಳು ತಡೆದು. "ನಾನು ಹೀಟರ್ ಹಾಕಿದ ಕೂಡಲೇ ನಿಮ್ಮ ಇಸ್ತ್ರಿ ವಾಸನೆ ಮೇಲೆ ಬರ್ತಿತ್ತಲ್ಲ. ಆಗ ನಾನೂ ಹಟಕ್ಕೆ ಬಿದ್ದು ಹೀಟರನ್ನ ಇನ್ನೊಂದು ಸುತ್ತು ಜೋರು ಮಾಡ್ತಿದ್ದೆ."

ವೈರಿಂಗಿನವಳಿಗೆ ನಗು ತಡೆಯಲಾಗಲಿಲ್ಲ. "ಚೆನ್ನಾಗಿದೀರಪ್ಪ ಇಬ್ಬರೂ! ಹೀಟರಿಗೆ ಬೋರ್ಡಿಂದಲೇ ಬೇರೆ ದಪ್ಪ ವೈರು ಎಳೀತೀನಿ, ಅದಕ್ಕೆ ತಕ್ಕ ಫ್ಯೂಸು ಬೇರೆ. ಇಸ್ತ್ರಿಗೊಂದು, ದೀಪಗಳಿಗೊಂದು. ಅರ್ತ್ ವೈರೂ ಹಾಕ್ತೀನಿ. ಮೂರು ದಿನದ ಕೆಲಸ. ಅಲ್ಲೀವರೆಗೆ ಮೇಲೆ ಯಾರೂ ಇರಬೇಡಿ."

ಹೀಗೆ ಮೂರು ದಿನ ಐದು ಜನ ಕೆಳಗಿನ ಮನೆಯಲ್ಲೇ ಉಂಡು ಮಲಗಿದರು. ಮೊದಲ ದಿನ ಮಾತು ಅಳೆದು ತೂಗಿ ಬರುತ್ತಿತ್ತು. ಎರಡನೆಯ ದಿನ ಕಿರಿಯಳು ಕೇಳದೆಯೇ ಗುಂಡಿ ಹೊಲಿಯಲು ಕೂತಳು. ಎಂಟು ಅಂಗಿಗೆ ಗುಂಡಿಗಳನ್ನು ತಪ್ಪಾದ ಬದಿಗೆ ಹೊಲಿದಿಟ್ಟಳು. ಬಿಚ್ಚುತ್ತ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಹಿರಿಯಳ ಗಂಡ ಪ್ರೆಸ್ಸಿಗೆ ರಜೆ ಹಾಕಿ, ವೈರಿಂಗಿನವಳ ಏಣಿ ಹಿಡಿದು, ಯಾವ ಅಳತೆಯ ತಂತಿ ಯಾವುದಕ್ಕೆ ಎಂದು ಚೀಟಿಯಲ್ಲಿ ಬರೆದುಕೊಂಡ.

ಮೂರನೆಯ ದಿನ ಮಧ್ಯಾಹ್ನ ಹಿರಿಯಳು ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆಯೆತ್ತದೆ ಕೇಳಿಯೇಬಿಟ್ಟಳು: "ಅತ್ತೆ, ಅವತ್ತು ನನ್ನ ಬಿಟ್ಟು ಯಾಕೆ ಮೇಲೆ ಹೋದ್ರಿ?"

ಅತ್ತೆ ಮಂಡಿ ಸರಿಸಿ ಕೂತರು. "ಹದಿನೆಂಟು ವರ್ಷ ನೀನು ಮಾಡಿದ್ದು ಸಾಕು, ಇನ್ನಾದ್ರೂ ನಿನ್ನ ಬೆನ್ನಿಗೆ ಬಿಡುವು ಸಿಗ್ಲಿ ಅಂತ ಹೋದೆ. ನೀನು ಮುಖ ತಿರುಗಿಸ್ದೆ. ಕರೆದು ಹೇಳೋಕೆ ನಂಗೂ ಬಿಗುಮಾನ."

ಹಿರಿಯಳು ಕಣ್ಣೊರೆಸಿಕೊಳ್ಳೋಣವೆಂದರೆ ಕೈತುಂಬ ಎಣ್ಣೆ. ಅತ್ತೆಯೇ ತಮ್ಮ ಸೆರಗಿನಿಂದ ಒರೆಸಿದರು.

ಸಂಜೆ ಕೆಲಸ ಮುಗಿಯಿತು. ಕಿರಿಯಳು ಅತ್ತೆಯ ದಿಂಬು, ಹೊದಿಕೆ ಮಡಿಸಿ ಮೇಲೆ ಒಯ್ಯಲು ನಿಂತಳು. ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಇಲ್ಲಿ ಕೂತ್ರೆ ಬೀದಿ ಕಾಣತ್ತೆ. ಒಂದು ವಾರ ಇಲ್ಲಿರ್ತೀನಿ, ಮುಂದಿನ ವಾರ ಅಲ್ಲಿ. ನನ್ನ ಕೇಳದೆ ಯಾರೂ ಜಗಳ ಆಡಬೇಡಿ."

"ಅಕ್ಕ, ಹಾಗಾದ್ರೆ ಅಡುಗೆ?" ಎಂದಳು ಕಿರಿಯಳು, ದಿಂಬನ್ನು ಹಿಡಿದುಕೊಂಡೇ.

"ಬೆಳಿಗ್ಗೆ ನೀನು ಅಂಗಡಿಗೆ ಹೋಗ್ಬೇಕಲ್ಲ, ನಾನೇ ಮಾಡ್ತೀನಿ. ರಾತ್ರಿದು ನೀನು ನೋಡ್ಕೋ," ಎಂದು ಹಿರಿಯಳು ದಿಂಬನ್ನು ಅವಳ ಕೈಯಿಂದ ತೆಗೆದುಕೊಂಡು ಮಂಚದ ಮೇಲಿಟ್ಟಳು.