ತಾಮ್ರದ ಸೇವಂತಿಗೆ

"ಯಕ್ಕಾ, ಲಗೂನ ಬಾ ಇಲ್ಲೆ! ಏನೋ ಆಗೇತಿ ನೋಡ ಬಾ!"

ಬದುವಿನ ಆಚೆಯಿಂದ ಮೈಲಾರವ್ವ ಕೂಗಿದಾಗ ದುಂಡವ್ವ ಕಂಕುಳಲ್ಲಿದ್ದ ಹೂವಿನ ಬುಟ್ಟಿಯನ್ನೂ ಇಳಿಸದೆ ಓಡಿದಳು. ಹಾವು ಕಂಡಿತೋ, ಚೇಳು ಕಡಿಯಿತೋ ಎಂದುಕೊಂಡಿದ್ದಳು. ಹಾವೇ ಆಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮುಂದೆ ಅವಳಿಗೆ ಬಹಳ ಸಲ ಅನಿಸಿತು.

ದೀಪಾವಳಿ ಮುಗಿದು ಚಳಿ ಬೀಳತೊಡಗಿತ್ತು. ಸೇವಂತಿಗೆಯ ಸಾಲುಗಳು ಮೈತುಂಬ ಹೂ ಬಿಟ್ಟು ಎರೆಮಣ್ಣನ್ನೇ ಮುಚ್ಚಿಬಿಟ್ಟಿದ್ದವು. ಎಲ್ಲ ಎಂದಿನ ಹಳದಿಯೇ. ಆದರೆ ಮೈಲಾರವ್ವ ಕುಕ್ಕರಗಾಲಲ್ಲಿ ಕೂತಿದ್ದ ಗಿಡದಲ್ಲಿ ಒಂದೇ ಒಂದು ಟೊಂಗೆ ಬೇರೆ ಬಣ್ಣ ಹೊತ್ತು ನಿಂತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚೆಂಬಿನ ಬಣ್ಣ. ಎಸಳು ಮಗುಚಿ ನೋಡಿದರೆ ಕೆಳಗೆ ಅರಿಷಿಣ. ದುಂಡವ್ವ ಹೂವನ್ನು ನೋಡಿದಳು, ನೆಗೆಣ್ಣಿಯ ಮುಖ ನೋಡಿದಳು. ಹೊಟ್ಟೆಯೊಳಗೆ ಯಾರೋ ಒಣಮೆಣಸಿನಕಾಯಿ ಸುಟ್ಟಂತಾಯಿತು.

"ರೋಗ ಬಂದೈತಿ. ಕಿತ್ತು ಒಗಿ, ಉಳಿದ ಗಿಡಕ್ಕೂ ಹತ್ತತೈತಿ," ಎಂದಳು.

"ರೋಗ ಇಷ್ಟು ಚಂದ ಇರತೈತೇನ ಯಕ್ಕಾ?" ಮೈಲಾರವ್ವ ನಕ್ಕಳು. ಅವಳ ನಗುವಿನಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ದುಂಡವ್ವನಿಗೆ ಒಂದಿಷ್ಟು ಸಮಾಧಾನವಾದರೂ ಆಗುತ್ತಿತ್ತು.

ಸಂಶಿಯ ಬಾಜೂಕಿನ ಆ ಹಳ್ಳಿಯಲ್ಲಿ ಹೊಲವೆಂದರೆ ಹತ್ತಿ, ಮೆಣಸಿನಕಾಯಿ, ಜೋಳ. ಹೂವೆಂದರೆ ದುಂಡವ್ವ. ಮದುವೆಗೆ ಬಾಸಿಂಗ ಕಟ್ಟುವವರಿಂದ ಹಿಡಿದು ಹೆಣಕ್ಕೆ ಮಾಲೆ ಬೇಕಾದವರವರೆಗೆ ಎಲ್ಲರೂ ಅವಳ ಬಾಗಿಲಿಗೇ ಬರಬೇಕು. ದಿನಾ ಮುಂಜಾನೆಯ ಬಸ್ಸಿಗೆ ಬುಟ್ಟಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗುವ ಇಮಾಮುದ್ದೀನ, ಪ್ಯಾಟಿಯಲ್ಲಿ "ದುಂಡವ್ವನ ಮಾಲು ಬಂತು" ಎಂದೇ ಒದರುತ್ತಿದ್ದನಂತೆ. ಊರ ಹೊರಗೆ ಕಾಲಿಟ್ಟವಳಲ್ಲ. ಆದರೆ ತನ್ನ ಹೆಸರು ದಿನಾ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಬರುತ್ತದೆ ಎನ್ನುವ ಹೆಮ್ಮೆ ಅವಳಿಗಿತ್ತು. ಆ ಹೆಮ್ಮೆ ಬಿಟ್ಟರೆ ಅವಳ ಹತ್ತಿರ ಇನ್ನೇನಿತ್ತು ಹೇಳಿ? ಗಂಡ ಹೊಳೆಯಪ್ಪ ಹೊಗಳುವ ಪೈಕಿ ಅಲ್ಲ.

ಮೈಲಾರವ್ವ ಹೊಳೆಯಪ್ಪನ ತಮ್ಮನ ಹೆಂಡತಿ. ಅಣ್ಣತಮ್ಮ ಬೇರೆಯಾದಾಗ ಹೊಲದ ನಡುವೆ ಬದು ಬಿತ್ತು, ಬಾವಿ ಇಬ್ಬರಿಗೂ ಉಳಿಯಿತು. ಸೇವಂತಿಗೆಯ ಬುಡದಲ್ಲಿ ಏಳುವ ಮರಿ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎನ್ನುವುದೂ ಗೊತ್ತಿಲ್ಲದ ಹುಡುಗಿಗೆ ದುಂಡವ್ವನೇ ಕಲಿಸಿದ್ದಳು. ಆ ಊರಿನ ಹೆಂಗಸರಲ್ಲಿ ಒಂದು ರೂಢಿ. ಸಸಿಯನ್ನು ಯಾರೂ ಕೈಯೆತ್ತಿ ಕೊಡುವುದಿಲ್ಲ. ಕೊಟ್ಟ ಸಸಿ ಬಾಡತೈತಿ, ಕದ್ದ ಸಸಿ ಬದುಕತೈತಿ ಎಂದು ಮಾತು. ಬೇಕಾದವಳು ಬಂದು ನಿಲ್ಲುತ್ತಾಳೆ, ಗಿಡದ ಒಡತಿ ಮುಖ ತಿರುವುತ್ತಾಳೆ, ಬಂದವಳು ಕಿತ್ತುಕೊಂಡು ಸುಮ್ಮನೆ ಹೋಗುತ್ತಾಳೆ. ಹಾಗೆ ದುಂಡವ್ವ ಮುಖ ತಿರುವಿ ನಿಂತಿದ್ದಕ್ಕೇ ಮೈಲಾರವ್ವನ ಸಾಲುಗಳು ಹುಟ್ಟಿದ್ದು. ತಾಯಿಗಿಡ ತನ್ನದು, ಕಲಿಸಿದ ಕೈ ತನ್ನದು, ಹೊಸ ಬಣ್ಣ ಮಾತ್ರ ಅವಳಿಗೆ! ಯಾವ ನ್ಯಾಯ ಇದು?

ಮರುದಿನ ಇಮಾಮುದ್ದೀನ ಅದನ್ನು ನೋಡಿ ತಲೆಯ ಮೇಲಿನ ಟೋಪಿ ಸರಿಪಡಿಸಿಕೊಂಡ. "ಯಾ ಅಲ್ಲಾ! ಮೂವತ್ತು ವರ್ಷ ಆತು ಹೂವಿನ ಯಾಪಾರ ಮಾಡಾಕ ಹತ್ತಿ, ಇಂಥಾದ್ದು ಕಂಡಿಲ್ಲಬೇ!" ಒಂದು ಹೂವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದವನು ಸಂಜೆ ಸುದ್ದಿ ಹೊತ್ತು ಬಂದ. ತೋಟಗಾರಿಕೆ ಖಾತೆಯ ಅಂದಾನೆಪ್ಪ ಸಾಹೇಬರು ನೋಡಿದರಂತೆ. ಗಿಡ ಬೆಳೆಸಿ ಒಂದು ಸಾಲು ಮಾಡಲಿ, ಮುಂದಿನ ಹೂವಿಗೆ ಬಂದು ಹೊಸ ತಳಿ ಅಂತ ಬರೆದುಕೊಳ್ಳುತ್ತೇನೆ ಎಂದರಂತೆ. ಬೆಳೆದವರ ಹೆಸರು ಧಾರವಾಡ ರೇಡಿಯೋದಲ್ಲೂ ಬರುತ್ತದಂತೆ.

ಅಲ್ಲಿಂದ ಶುರುವಾಯಿತು ನೋಡಿ ದುಂಡವ್ವನ ಸಂಕಟ. ಊರ ಹೆಂಗಸರು ಅವಳ ಮನೆಯ ಮುಂದಿನಿಂದಲೇ ಮೈಲಾರವ್ವನ ಹೂವು ನೋಡಲು ಹೋಗುತ್ತಿದ್ದರು. ಹೋಗುವವರು ಹೋಗಲಿ, "ನೀನೂ ನೋಡೀಯಿಲ್ಲೊ?" ಎಂದು ಕೇಳಿ ಹೋಗುತ್ತಿದ್ದರು. ನೀರಿಗೆ ಬಂದ ದುರ್ಗವ್ವ ಒಮ್ಮೆ ಬಾಯಿತಪ್ಪಿ "ಹೂವಿನ ಮೈಲಾರವ್ವ" ಎಂದುಬಿಟ್ಟಳು. ರಾತ್ರಿ ಊಟಕ್ಕೆ ಕೂತ ಹೊಳೆಯಪ್ಪ, ರೊಟ್ಟಿ ಮುರಿಯುತ್ತ, "ಏನ ಅನ್ನು, ಅಕೀ ಕೈಗುಣ ಚಲೋ ಐತಿ," ಎಂದ.

"ಹಂಗಾರ ರೊಟ್ಟಿನೂ ಅಕೀ ಕೈಲೆ ಬಡಿಸ್ಕೋ ಹೋಗು," ಎಂದು ದುಂಡವ್ವ ಪಲ್ಯದ ಬೋಗುಣಿಯನ್ನು ಎತ್ತಿಕೊಂಡು ಒಳಗೆ ಹೋದಳು. ಹೊಳೆಯಪ್ಪ ಬರೀ ಉಪ್ಪು ಹಚ್ಚಿಕೊಂಡು ಉಂಡು ಎದ್ದ.

ಒಂದು ಮಟಮಟ ಮಧ್ಯಾಹ್ನ ಹೊಲದಲ್ಲಿ ಯಾರೂ ಇರಲಿಲ್ಲ. ಮೈಲಾರವ್ವ ಬುತ್ತಿ ಉಣ್ಣಲು ಬೇವಿನ ಮರದ ಕಡೆ ಹೋಗಿದ್ದಳು. ದುಂಡವ್ವ ಬದು ದಾಟಿದಳು. ಬರಿ ನೋಡಿ ಬರಬೇಕೆಂದೇ ಹೋದವಳು. ಆದರೆ ಬಿಸಿಲಿಗೆ ಆ ಎಸಳುಗಳು ಹೊಳೆಯುತ್ತಿದ್ದ ರೀತಿ ಕಂಡು ಅವಳ ಕೈ ತಡೆಯಲಿಲ್ಲ. ಬುಡದ ಹತ್ತಿರ ಹಿಡಿದು ಬಗ್ಗಿಸಿದಳು. ಟೊಂಗೆ ಚಟ್ಟೆಂದು ಮುರಿಯಿತು. ಸೆರಗಿನೊಳಗೆ ಮುಚ್ಚಿಕೊಂಡು, ಹಿಂದೆ ನೋಡದೆ ಮನೆ ಸೇರಿದಳು.

ಆಡಿನ ಮುಂದೆ ಒಗೆಯಬೇಕೆಂದೇ ತಂದದ್ದು. ಒಗೆಯಲಾಗಲಿಲ್ಲ. ಇಷ್ಟು ವರ್ಷ ಗಿಡ ಬದುಕಿಸಿದ ಕೈಗೆ ಕೊಲ್ಲುವುದು ಗೊತ್ತಿರಲಿಲ್ಲ. ಬೈಯುತ್ತಲೇ ಹೂವುಗಳನ್ನು ಚಿವುಟಿ ಒಲೆಗೆ ಹಾಕಿದಳು, ಬೈಯುತ್ತಲೇ ಒಡೆದ ನೀರಿನ ಹರವಿಯ ತಳದಲ್ಲಿ ಮಣ್ಣು ಗೊಬ್ಬರ ತುಂಬಿದಳು, ಕಡ್ಡಿಯನ್ನು ಚುಚ್ಚಿ, ಬಚ್ಚಲ ನೀರು ಹರಿಯುವಲ್ಲಿ ಸಗಣಿ ಕುಳ್ಳಿನ ಒಟ್ಟಿಲಿನ ಹಿಂದೆ ಇಟ್ಟಳು. ಯಾರಾದರೂ ಬರುವ ಸದ್ದಾದರೆ ಮೇಲೊಂದು ಹರಕು ಬುಟ್ಟಿ ಮುಚ್ಚುತ್ತಿದ್ದಳು.

ಸಂಜೆ ಮೈಲಾರವ್ವ ಅಳುತ್ತ ಬರುತ್ತಾಳೆ ಎಂದು ಕಾದಿದ್ದಳು. ಮೈಲಾರವ್ವ ಬಂದಳು, ಅಳಲಿಲ್ಲ. "ದುರ್ಗವ್ವನ ಆಡು ಬಂದು ಟೊಂಗಿ ತಿಂದು ಹೋಗೇತಿ ಯಕ್ಕಾ. ಹೋಗಲಿ ಬಿಡು, ಬೇರು ಐತಲ್ಲ. ಬುಡದಾಗ ಮರಿ ಭಾಳ ಎದ್ದಾವು."

ಅಯ್ಯೋ ಮೂಳಿ! ದುಂಡವ್ವ ತನ್ನನ್ನೇ ಬೈದುಕೊಂಡಳು. ಸೇವಂತಿಗೆ ಬೆಳೆಯುವುದು ಬುಡದ ಮರಿಯಿಂದ ಎನ್ನುವುದು ಊರಿಗೇ ಕಲಿಸಿದವಳು ತಾನು. ಸಿಟ್ಟಿನಲ್ಲಿ ತಲೆ ಮುರಿದು ಬೇರು ಬಿಟ್ಟು ಬಂದಿದ್ದಳಲ್ಲ! ಮಳೆಗಾಲದ ಮೊದಲಿಗೆ ಮೈಲಾರವ್ವ ಆ ಗಿಡದ ಮರಿಗಳನ್ನು ಬಿಡಿಸಿ ಒಂದು ಸಾಲು ಹಚ್ಚಿದಳು. ಕುರಿಗೊಬ್ಬರ ಹಾಕಿದಳು, ಸುತ್ತ ಜಾಲಿಮುಳ್ಳಿನ ಬೇಲಿ ಕಟ್ಟಿದಳು. ಆ ಸಾಲು ಬೆಳೆದಷ್ಟೂ ದುಂಡವ್ವ ಸೊರಗಿದಳು. ಇತ್ತ ಹರವಿಯ ಕಡ್ಡಿಯೂ ಚಿಗುರಿ ಪೊದೆಯಾಗಿತ್ತು. ಅದಕ್ಕೆ ನೀರು ಹಾಕುವಾಗಲೆಲ್ಲ, ಇದ್ದೇನು ಬಂತು, ಅವಳ ಹತ್ತಿರ ಸಾಲೇ ಇದೆ ಎಂದು ಸಂಕಟಪಡುತ್ತಿದ್ದಳು.

ಮೊಗ್ಗು ಒಡೆಯುವ ಹೊತ್ತಿಗೆ ಸಾಹೇಬರ ಜೀಪು ಬಂತು. ಜೀಪಿನ ಹಿಂದೆ ಅರ್ಧ ಊರು ಬಂತು. ಎಲ್ಲರೂ ಬೇಲಿಯ ಸುತ್ತ ನಿಂತು ನೋಡಿದರೆ, ಸಾಲಿಗೆ ಸಾಲೇ ಹಳದಿ. ಒಂದು ಎಸಳೂ ತಾಮ್ರವಿಲ್ಲ.

"ಇದ ಏನಬೇ?" ಇಮಾಮುದ್ದೀನನ ಮುಖ ಸಣ್ಣದಾಯಿತು. ಯಾರೋ ಹಿಂದಿನಿಂದ, "ಅಕೀ ಹ್ವಾದ ವರ್ಸ ಕುಂಕುಮ ಉಗ್ಗಿರಬೇಕ್ರೀ!" ಎಂದರು. ನಗು ಎದ್ದಿತು. ಮೈಲಾರವ್ವ ಒಂದೊಂದೇ ಗಿಡದ ಮುಂದೆ ಕೂತು ಹೂವು ಸರಿಸಿ ಸರಿಸಿ ಹುಡುಕುತ್ತಿದ್ದಳು. "ಇತ್ತರೀ. ದೇವರಾಣಿ ಇತ್ತರೀ. ನಾ ಸುಳ್ಳು ಹೇಳಿಲ್ಲರೀ." ಅವಳ ಕಣ್ಣೀರು ಆಗ ಬಂತು.

ದುಂಡವ್ವನ ಹೊಟ್ಟೆ ವರ್ಷದ ಮೇಲೆ ತಣ್ಣಗಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ನಗು ಬಂದಿತ್ತು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಅಂದಾನೆಪ್ಪ ಸಾಹೇಬರು ನಗಲಿಲ್ಲ. "ನೀ ಏನ ಹಚ್ಚಿದಿ ತಂಗಿ? ಬುಡದ ಮರೀನೋ, ಬಣ್ಣ ಬಂದಿದ್ದ ಟೊಂಗೀನೋ?"

"ಮರೀರಿ. ಟೊಂಗಿ ಆಡು ತಿಂತರೀ."

"ಅಲ್ಲೇ ತಪ್ಪಿತು ನೋಡು. ಬಣ್ಣ ತಿರುಗಿದ್ದು ಆ ಟೊಂಗಿಗೆ ಮಾತ್ರ, ಬೇರಿಗಲ್ಲ. ಬೇರಿಗೆ ಅದರ ಸುದ್ದೀನ ಗೊತ್ತಿರೂದಿಲ್ಲ. ಆ ಟೊಂಗಿ ಕಡ್ಡಿ ಮಾಡಿ ಹಚ್ಚಿದ್ರ ಉಳೀತಿತ್ತು. ಇನ್ನ ಆ ಟೊಂಗಿ ಎಲ್ಲಿ ಹೋತೋ ಅಲ್ಲೇ ಆ ಬಣ್ಣ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ದುಂಡವ್ವ ಸೆರಗನ್ನು ಗಟ್ಟಿಯಾಗಿ ಹೊದ್ದುಕೊಂಡಳು. ಆದರೆ ಅಂಜಿಕೆಯ ಹಿಂದೆಯೇ ಇನ್ನೊಂದು ವಿಚಾರ ಬಂತು. ಹಾಗಾದರೆ ಜಗತ್ತಿನಲ್ಲಿ ಆ ಹೂವು ಇರುವುದು ತನ್ನ ಹರವಿಯಲ್ಲಿ ಮಾತ್ರ! ಮೈಲಾರವ್ವನ ಹತ್ತಿರ ಒಂದೂ ಇಲ್ಲ!

"ಇದ್ದಿದ್ರ ಬೆಳೆದವರ ಹೆಸರು ಹಚ್ಚಿ ಬರಕೋತಿದ್ದೆ. ಏನ ಮಾಡೂದು, ನಡೀರಿ," ಎಂದು ಸಾಹೇಬರು ಪೆನ್ನು ಕಿಸೆಗಿಟ್ಟರು.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಹೊಟ್ಟೆಕಿಚ್ಚು ಸುಮ್ಮನಿರಲು ಬಿಡುತ್ತದೆಯೇ?

"ನಮ್ಮ ಹಿತ್ತಲದಾಗ ಒಂದೈತ್ರಿ," ಎಂದುಬಿಟ್ಟಳು ದುಂಡವ್ವ. "ನಮ್ಮ ಸಾಲಿನಾಗೂ ಹಂಗ ಒಂದು ಟೊಂಗಿ ಬಂದಿತ್ರಿ. ತಂದು ಇಟ್ಟೀನಿ."

ಊರು ಅವಳ ಹಿತ್ತಲಿಗೆ ತಿರುಗಿತು. ಬುಟ್ಟಿ ಎತ್ತಿದಾಗ ಒಡೆದ ಹರವಿಯ ತುಂಬ ತಾಮ್ರದ ಹೂವು. ಸಾಹೇಬರು ಮೊಣಕಾಲೂರಿ ಕೂತರು. ಎಸಳು ಎಣಿಸಿದರು, ಮಗುಚಿದರು, ಎಲೆ ಹರಿದು ಮೂಸಿದರು, ಗಿಡಕ್ಕೆ ಅಳತೆಪಟ್ಟಿ ಹಿಡಿದರು. "ಮೇಲೆ ತಾಮ್ರ, ಕೆಳಗೆ ಅರಿಷಿಣ. ಎಸಳು ತುದಿಗೆ ಒಳಗೆ ಬಾಗಿದೆ. ಕಾಂಡ ಗಟ್ಟಿ," ಎಂದು ಹೇಳಿಕೊಳ್ಳುತ್ತ ಬರೆದರು. "ಎಷ್ಟು ದಿವಸ ಆತವ್ವಾ ಇದು ಹುಟ್ಟಿ?"

ದುಂಡವ್ವ ಹರಕು ಬುಟ್ಟಿಯನ್ನು ಕಾಲಿನಿಂದ ಹಿಂದಕ್ಕೆ ಸರಿಸಿದಳು. ಹಿತ್ತಲಲ್ಲಿದ್ದವರ ಕಣ್ಣು ಒಡೆದ ಹರವಿಯ ಮೇಲೆ, ಹರಕು ಬುಟ್ಟಿಯ ಮೇಲೆ, ಅವಳ ಮೇಲೆ ಓಡಾಡಿದವು. ತಂದಿಟ್ಟ ಹೂವನ್ನು ಬುಟ್ಟಿ ಮುಚ್ಚಿ ಇಡುವವರು ಯಾರು?

ಜನರನ್ನು ಸರಿಸಿಕೊಂಡು ಮೈಲಾರವ್ವ ಮುಂದೆ ಬಂದಳು. ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದಳು. ಕಣ್ಣು ಒರೆಸಿಕೊಂಡಳು.

"ಅದರೀ! ಇದ ಹೂವರೀ ಸಾಹೇಬ್ರ! ನಾ ಸುಳ್ಳು ಹೇಳಿದ್ನೇನು, ಈಗ ಹೇಳ್ರಿ ಎಲ್ಲಾರೂ!" ಆಮೇಲೆ ದನಿ ತಗ್ಗಿಸಿ, "ನಮ್ಮಕ್ಕನ ಹೆಸರ ಬರಕೋರ್ರಿ. ಇದಕ್ಕ ನೀರು ಹಾಕಿದಾಕಿ ಅಕೀನ," ಎಂದಳು.

ದುಂಡವ್ವನ ಹೆಸರು ಕಾಗದಕ್ಕೆ ಬಿತ್ತು. ಇಮಾಮುದ್ದೀನ ಏನೂ ಒದರಲಿಲ್ಲ. ಜೀಪು ಹೋಯಿತು, ಗುಸುಗುಸು ಮಾಡುತ್ತ ಜನವೂ ಕರಗಿತು. ತಾನು ಕದ್ದು ತಂದದ್ದನ್ನು ಅವಳು ಎಲ್ಲರೆದುರು ದಾನ ಕೊಟ್ಟಳಲ್ಲ ಎಂದು ದುಂಡವ್ವನಿಗೆ ಮತ್ತೆ ಹೊಟ್ಟೆ ಉರಿಯಿತು. ತಿರುಗಿ ನೋಡಿದರೆ ಮೈಲಾರವ್ವ ಹೋಗಿರಲಿಲ್ಲ. ಹರವಿಯ ಹತ್ತಿರವೇ ನಿಂತಿದ್ದಳು.

"ನನಗೂ ಒಂದು ಕಡ್ಡಿ ಬೇಕಿತ್ತ ಯಕ್ಕಾ."

"ತಗೋ, ಅದಕ್ಕೇನು? ತಡಿ, ನಾನ ಮುರದು ಕೊಡ್ತೀನಿ," ದುಂಡವ್ವ ಅವಸರದಿಂದ ಬಗ್ಗಿದಳು. ಒಂದಲ್ಲ, ಹರವಿಗೆ ಹರವಿಯನ್ನೇ ಕೊಟ್ಟುಬಿಡುತ್ತಿದ್ದಳು.

ಮೈಲಾರವ್ವ ಅವಳ ಕೈ ಹಿಡಿದಳು. "ಬ್ಯಾಡ. ಕೊಟ್ಟದ್ದು ಬಾಡತೈತಿ ಅಂತ ನೀನ ಕಲಿಸೀದಿ. ಆ ಕಡೆ ಮಾರಿ ಮಾಡಿ ನಿಂದರು."

ದುಂಡವ್ವ ಅವಳ ಮುಖದಲ್ಲಿ ಏನಿದೆಯೆಂದು ಹುಡುಕಿದಳು. ಏನೂ ತಿಳಿಯಲಿಲ್ಲ. ಮೆಲ್ಲಗೆ ತಿರುಗಿ ನಿಂತಳು. ಎದುರಿಗೆ ಕುಳ್ಳಿನ ಒಟ್ಟಿಲು. ಒಂದೊಂದು ಕುಳ್ಳಿನ ಮೇಲೂ ಅವಳದೇ ಬೆರಳುಗಳು ಮೂಡಿದ್ದವು.

ಬೆನ್ನ ಹಿಂದೆ ಟೊಂಗೆ ಚಟ್ಟೆಂದಿತು. ಹಿತ್ತಲ ಬಾಗಿಲು ತೆರೆದುಕೊಂಡಿತು, ಮುಚ್ಚಿಕೊಂಡಿತು. ದುಂಡವ್ವ ಮುಖ ತಿರುವಿಯೇ ನಿಂತಿದ್ದಳು.