ತಲೆ ಯಾವ ಕಡೆ

ನನ್ನ ಹೆಂಡತಿ ಸುರ್ಸತಿಯನ್ನು ಕೇಳಿದರೆ ನನ್ನ ನಾಲಿಗೆಯ ಬಗ್ಗೆ ಒಂದು ಪುರಾಣವನ್ನೇ ಬಿಚ್ಚುತ್ತಾಳೆ. ತೂಬಿನ ಬಾಗಿಲನ್ನು ಹೊತ್ತಿಗೆ ಸರಿಯಾಗಿ ಎತ್ತಲಿಲ್ಲವೆಂದು ಕಾವಲುಗಾರನ ಜೊತೆ ಜಗಳ, ಮೀನು ತೂಕದಲ್ಲಿ ಕಡಿಮೆ ಬಂತೆಂದು ದೋಣಿಕಟ್ಟೆಯಲ್ಲಿ ಜಗಳ, ಕಥೆ ಓದುವಾಗ ಪಂಡಿತರು ಎರಡು ಪುಟ ಹಾರಿಸಿದರೆಂದು ಪೂಜೆಯಲ್ಲೇ ಜಗಳ. ಎಲ್ಲವೂ ನಿಜ, ನಾನು ಅಲ್ಲಗಳೆಯುವುದಿಲ್ಲ. ಇಂಥ ಜಗೇಸರ್ ಎಪ್ಪತ್ತಮೂರು ವರ್ಷದಲ್ಲಿ ಒಂದೇ ಒಂದು ಸಲ ಬಾಯಿಗೆ ಬೀಗ ಹಾಕಿಕೊಂಡ. ಅದು ಪಕ್ಕದ ಮನೆಯ ಸಾಕಿಮಿನ್ ತೀರಿಕೊಂಡ ದಿನ.

ಕೊಮೆವೈನ್ ನದಿಯ ಈ ದಂಡೆಯಲ್ಲಿ, ಹಿಂದೆ ಡಚ್ಚರ ಕಾಫಿ ತೋಟವಾಗಿದ್ದ ನೆಲದಲ್ಲಿ, ನಾನೂ ಅವನೂ ನಲವತ್ತೊಂದು ವರ್ಷ ನೆರೆಹೊರೆಯಾಗಿದ್ದೆವು. ನನ್ನ ಅಜ್ಜ ಬಿಹಾರದ ಕಡೆಯಿಂದ ಹಡಗು ಹತ್ತಿದವನು, ಅವನ ಅಪ್ಪ ಜಾವಾದಿಂದ ಹತ್ತಿದವನು. ಇಬ್ಬರನ್ನೂ ತಂದು ಇಳಿಸಿದ್ದು ಸುರಿನಾಮಿನ ಇದೇ ಕೆಸರಿನಲ್ಲಿ. ನಮ್ಮ ಎರಡು ಹಿತ್ತಲುಗಳ ನಡುವೆ ಒಂದು ಕಾಲುವೆ, ಕಾಲುವೆಯ ಮೇಲೆ ಒಂದು ಹಲಗೆ. ಆ ಹಲಗೆಯನ್ನು ಹಾಕಿದ್ದು ನಾವಲ್ಲ, ನಮ್ಮ ಹೆಂಡಂದಿರು. ಅವನ ಹೆಂಡತಿ ಪೋನಿಯೆಮ್ ತಮ್ಮ ಮನೆಯ ಸ್ಲಾಮೆತಾನ್ ಎಂಬ ಪ್ರಾರ್ಥನೆಯ ಊಟಕ್ಕೆ ಕರೆದಾಗಲೆಲ್ಲ ನಮಗೆಂದು ಬೇರೆ ಪಾತ್ರೆಯಲ್ಲಿ ಕೋಳಿ ಬೇಯಿಸುತ್ತಿದ್ದಳು. ದನದ ಮಾಂಸಕ್ಕೆ ಹಾಕಿದ ಸೌಟನ್ನು ಆ ಪಾತ್ರೆಗೆ ಎಂದೂ ಅದ್ದಿದವಳಲ್ಲ. ದೀಪಾವಳಿಗೆ ಸುರ್ಸತಿ ಹಚ್ಚುವ ಹಣತೆಗಳಿಗೆ ಬತ್ತಿ ಹೊಸೆದು ಕೊಡುತ್ತಿದ್ದವಳೂ ಅವಳೇ.

ಸಾಕಿಮಿನ್ ಪಶ್ಚಿಮಕ್ಕೆ ತಿರುಗಿ ನಮಾಜು ಮಾಡುತ್ತಿದ್ದ. ಜಾವಾದಲ್ಲಿ ಮೆಕ್ಕಾ ಇರುವುದು ಪಶ್ಚಿಮಕ್ಕೆ. ಅರ್ಧ ಭೂಮಿ ಸುತ್ತಿ ಇಲ್ಲಿ ಬಂದಿಳಿದ ಮೇಲೂ ಅವನ ಅಪ್ಪ ಪಶ್ಚಿಮಕ್ಕೇ ನಿಂತ. ಅಪ್ಪ ನಿಂತ ಕಡೆ ಇವನೂ ನಿಂತ. ಅವನ ಮನೆಗೆ ಪಶ್ಚಿಮಕ್ಕಿರುವುದು ನನ್ನ ಮನೆ. ನಾನು ಬೆಳಿಗ್ಗೆ ಸೂರ್ಯನಿಗೆ ನೀರು ಬಿಡುವುದು ಪೂರ್ವಕ್ಕೆ ಮುಖ ಮಾಡಿ, ಅಂದರೆ ಅವನ ಜಗಲಿಯ ಕಡೆಗೆ.

“ದಿನಕ್ಕೆ ಐದು ಸಲ ನನ್ನ ಮನೆಗೆ ಅಡ್ಡಬೀಳ್ತೀಯಲ್ಲೋ, ನಾನೇ ನಿನ್ನ ದೇವರಾ?” ಎಂದು ನಾನು ರೇಗಿಸುತ್ತಿದ್ದೆ.

“ನೀನಲ್ಲಪ್ಪ, ನಿನ್ನ ಹೆಂಡ್ತಿ ಕೈಯಿನ ರೊಟ್ಟಿ,” ಎನ್ನುತ್ತಿದ್ದ. “ಮತ್ತೆ ನೀನ್ಯಾಕೆ ಬೆಳಿಗ್ಗೆ ಎದ್ದು ನನ್ನ ಕಕ್ಕಸಿಗೆ ನೀರು ಬಿಡ್ತೀಯ?”

ಊರಿನ ಜಾವಾದವರಲ್ಲಿ ಓದಿಕೊಂಡವರು ಭೂಪಟ ನೋಡಿ, ಇಲ್ಲಿಂದ ಮೆಕ್ಕಾ ಪೂರ್ವಕ್ಕೆ, ಇಷ್ಟು ದಿನ ನಿಂತದ್ದೆಲ್ಲ ತಪ್ಪು ಎಂದರು. ಹತ್ತೊಂಬತ್ತು ವರ್ಷದ ಹಿಂದೆ ಪೂರ್ವಕ್ಕೆ ಮುಖ ಮಾಡಿದ ಎರಡನೆಯ ಮಸೀದಿ ಎದ್ದಿತು. ಒಂದೇ ಮನೆಯಲ್ಲಿ ಅಪ್ಪ ಆ ಕಡೆ, ಮಗ ಈ ಕಡೆ. ಆಗ ಚೀನೀಯನ ಅಂಗಡಿಯ ಮುಂದೆ ನಾನು ಸುಮ್ಮನಿರಲಾರದೆ, “ದೇವರಿಗೆ ಬೆನ್ನು ಅಂತ ಒಂದಿದ್ಯಾ? ಯಾವ ಕಡೆ ನಿಂತ್ರೇನ್ರೋ?” ಎಂದೆ. ಪೂರ್ವದ ಗುಂಪಿನವನೊಬ್ಬ, “ದನಕ್ಕೆ ಕೈ ಮುಗಿಯೋನು ನಮಗೆ ಮೆಕ್ಕಾ ತೋರಿಸೋಕೆ ಬಂದ,” ಎಂದು ಉಗಿದ. ಇರುವೆಗೂ ನೋವು ಮಾಡದ ಸಾಕಿಮಿನ್ ಅವನ ಕೆನ್ನೆಗೆ ಬಾರಿಸಿಬಿಟ್ಟ. ನನ್ನಿಂದಾಗಿ ಅವನು ತನ್ನವರ ಎದುರೇ ಕೈಯೆತ್ತಿದ. ಅರ್ಧ ವರ್ಷ ಊರಿನ ಅರ್ಧ ಜನ ಅವನ ಜೊತೆ ಮಾತಾಡಲಿಲ್ಲ.

ಅಂದು ಸಂಜೆ ಹಲಗೆಯ ಮೇಲೆ ನಿಂತು ನಾನು ಹೇಳಿದೆ: “ಇನ್ನು ಮೇಲೆ ನಿನ್ನ ದೇವರ ವಿಷಯಕ್ಕೆ ನಾನು ಬಾಯಿ ಹಾಕಲ್ಲ. ನನ್ನ ದೇವರ ವಿಷಯಕ್ಕೆ ನೀನು ಹಾಕಬೇಡ.”

“ನಿನಗಿರೋ ದೇವರುಗಳ ಹೆಸರು ನೆನಪಿಟ್ಕೊಳ್ಳೋದೇ ನನಗೆ ಕಷ್ಟ, ಬಾಯಿ ಎಲ್ಲಿ ಹಾಕಲಿ,” ಎಂದು ನಕ್ಕ. ಆ ಮಾತನ್ನು ನಾನು ಪಾಲಿಸಿದೆ. ಬೇರೆ ಯಾವ ವ್ರತವನ್ನೂ ನಾನು ಅಷ್ಟು ನೆಟ್ಟಗೆ ಪಾಲಿಸಿಲ್ಲ.

ಪೋನಿಯೆಮ್ ಹೋಗಿ ಆರು ವರ್ಷವಾಯಿತು. ಅವಳನ್ನು ಹಳೆಯ ಪದ್ಧತಿಯಂತೆ ಉತ್ತರಕ್ಕೆ ತಲೆ ಇಟ್ಟು, ಬಲ ಮಗ್ಗುಲಿಗೆ ಪಶ್ಚಿಮಕ್ಕೆ ಮುಖ ಬರುವಂತೆ ಮಲಗಿಸಿದರು. ಪಕ್ಕದ ಜಾಗವನ್ನು ಸಾಕಿಮಿನ್ ತನಗೆಂದು ಬಿಡಿಸಿಕೊಂಡ. ಈ ವರ್ಷ ಮಾರ್ಚಿನಲ್ಲಿ, ಹೊಟ್ಟೆಯ ಗಡ್ಡೆ ಅವನನ್ನು ಅರ್ಧ ತಿಂದಿದ್ದಾಗ, ಒಂದು ಬೆಳಿಗ್ಗೆ ಹಲಗೆ ದಾಟಿ ಬಂದು ನನ್ನ ಬೆಂಚಿನ ಮೇಲೆ ಕುಳಿತ. ಆ ಇಪ್ಪತ್ತು ಹೆಜ್ಜೆಗೆ ಅವನು ಮೂರು ಸಲ ನಿಂತು ಸುಧಾರಿಸಿಕೊಂಡಿದ್ದ.

“ಜಗೇಸರ್, ನನ್ನನ್ನ ಪೋನಿಯೆಮ್ ಮಲಗಿರೋ ಹಾಗೇ ಮಲಗಿಸ್ಬೇಕು. ತಲೆ ಉತ್ತರಕ್ಕೆ.”

“ಉತ್ತರಕ್ಕೆ ತಲೆ ಹಾಕಿದೋನು ಮೇಲೇಳಲ್ಲ ಅಂತಾರೆ ನಮ್ಮಲ್ಲಿ.”

“ನನಗೇನು ಮೇಲೆದ್ದು ಗದ್ದೆ ಉಳೋದಿದ್ಯಾ?” ಎಂದ. ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡ. “ಮಗ ಸುಪಾರ್ದಿ ಪೂರ್ವದ ಮಸೀದಿಯ ಕಾರ್ಯದರ್ಶಿ. ಅವರ ಲೆಕ್ಕದಲ್ಲಿ ತಲೆ ದಕ್ಷಿಣಕ್ಕೆ. ಹಾಗೆ ಮಾಡಿದ್ರೆ ನನ್ನ ಮೂಗು ಅವಳ ಕಾಲಿಗೆ ಬರುತ್ತೆ. ಬದುಕಿದ್ದಾಗ ಅವಳ ಕಾಲಡಿ ಬಿದ್ದಿದ್ದು ಸಾಲದಾ?”

ನಾನು ನಕ್ಕೆ, ಅವನು ನಗಲಿಲ್ಲ.

“ನಮ್ಮಪ್ಪ, ನಮ್ಮವ್ವ, ಇವಳು, ಎಲ್ಲರೂ ಒಂದೇ ಕಡೆ ನೋಡ್ತಾ ಮಲಗಿದಾರೆ. ನಾನೊಬ್ಬ ಅವರಿಗೆಲ್ಲ ತಿರುಗಿ ಮಲಗೋದಾ? ನೀನು ಹೇಳ್ಬೇಕು. ನಾಲ್ಕು ಜನರ ಮುಂದೆ.”

“ನಾನು ಹಿಂದೂ ಕಣೋ. ನನ್ನ ಮಾತು ಯಾರು ಕೇಳ್ತಾರೆ?”

“ಅದಕ್ಕೇ ನಿನಗೆ ಹೇಳ್ತಿರೋದು. ನಿನಗೆ ಎರಡು ಮಸೀದೀನೂ ಒಂದೇ.”

ಆಗಲಿ ಎಂದೆ. ಕೈ ಮೇಲೆ ಕೈ ಇಟ್ಟು ಆಗಲಿ ಎಂದೆ. ಒಳಗಿನಿಂದ ಚಹಾ ತಂದ ಸುರ್ಸತಿ ಅದನ್ನು ನೋಡಿದಳು.

ಏಪ್ರಿಲಿನ ಒಂದು ಗುರುವಾರ, ಬೆಳಗಿನ ನಮಾಜಿನ ಹೊತ್ತಿಗೆ ಅವನು ಹೋದ. ಅವರಲ್ಲಿ ತಡ ಮಾಡುವುದಿಲ್ಲ. ಎಂಟು ಗಂಟೆಗೆ ನಾನೂ ಇನ್ನು ಮೂವರೂ ಸ್ಮಶಾನದಲ್ಲಿ ಗುಂಡಿ ತೋಡುತ್ತಿದ್ದೆವು. ಈ ನೆಲದಲ್ಲಿ ಮೊಣಕಾಲಾಳ ಹೋದರೆ ನೀರು. ಬಣ್ಣದ ಡಬ್ಬಿಯಲ್ಲಿ ನೀರು ಮೊಗೆದು ಹಾಕುತ್ತ ತೋಡಿದೆವು. ಯಾವ ಮಸೀದಿಯವರಾದರೂ ಗುಂಡಿ ಒಂದೇ, ಉತ್ತರ ದಕ್ಷಿಣವಾಗಿ ಉದ್ದಕ್ಕೆ. ತಲೆ ಯಾವ ತುದಿಗೆ ಎನ್ನುವುದಷ್ಟೇ ಉಳಿಯುವ ಪ್ರಶ್ನೆ. ಪಕ್ಕದಲ್ಲೇ ಪೋನಿಯೆಮ್‌ಳ ಮರದ ಗುರುತು ಉತ್ತರದ ತುದಿಯಲ್ಲಿ ನಿಂತಿತ್ತು. ಬರುತ್ತಿದ್ದಾನೆ ತಾಯಿ, ಸ್ವಲ್ಪ ಸರಿದುಕೋ ಎಂದು ಮನಸ್ಸಿನಲ್ಲೇ ಹೇಳಿದೆ. ಕಣ್ಣು ತುಂಬಿ ಬಂತು.

ಕೆಸರುಗಾಲಲ್ಲೇ ಅವನ ಅಂಗಳಕ್ಕೆ ಬಂದಾಗ ಅರವತ್ತು ಜನ ಸೇರಿದ್ದರು. ಮೈ ತೊಳೆದು ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದರು. ಹಳೆಯ ಮಸೀದಿಯ ಮುದುಕರು ಒಂದು ಕಡೆ, ಸುಪಾರ್ದಿಯ ಮಸೀದಿಯವರು ಇನ್ನೊಂದು ಕಡೆ. ಸುಪಾರ್ದಿಗೆ ಈಗ ನಲವತ್ತೈದು. ಚಿಕ್ಕಂದಿನಲ್ಲಿ ಅವನು ಅರ್ಧ ಊಟವನ್ನು ನನ್ನ ಅಡುಗೆಮನೆಯಲ್ಲೇ ಮಾಡಿದವನು.

ಹಳೆಯ ಮಸೀದಿಯ ಹಿರಿಯ ವಾಗಿಯೋ ಕೋಲು ಕುಟ್ಟಿ ಹೇಳಿದ: “ತಲೆ ಉತ್ತರಕ್ಕೆ. ಸಾಕಿಮಿನ್ ನಮ್ಮೋನು, ನಮ್ಮ ಜೊತೆ ನಿಂತೋನು.”

“ಈಗ ಗೊತ್ತಿದ್ದೂ ಗೊತ್ತಿದ್ದೂ ಮೆಕ್ಕಾಕ್ಕೆ ಬೆನ್ನು ಹಾಕಿ ಮಲಗಿಸೋದಾ?” ಎಂದು ಆ ಕಡೆಯವನೊಬ್ಬ ಎದ್ದ. “ಮಗ ಇದಾನೆ, ಮಗ ಹೇಳಲಿ.”

ಅಪ್ಪನ ಕಾಲ ಬಳಿ ನಿಂತಿದ್ದ ಸುಪಾರ್ದಿ ತಲೆಯೆತ್ತಿ ಸುತ್ತ ಹುಡುಕಿ, ಬೇಲಿಯ ಹತ್ತಿರ ನಿಂತಿದ್ದ ನನ್ನನ್ನು ನೋಡಿದ.

“ಕಾಕಾ, ಅಪ್ಪ ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?”

ಅರವತ್ತು ತಲೆಗಳು ನನ್ನ ಕಡೆ ತಿರುಗಿದವು. ಅಂದು ಕೆನ್ನೆಗೆ ಏಟು ತಿಂದವನೂ ಅಲ್ಲೇ ಇದ್ದ. ಅವನ ಗಡ್ಡ ಈಗ ಬೆಳ್ಳಗಾಗಿತ್ತು. ಪಶ್ಚಿಮಕ್ಕೆ ಎಂದು ನಾನು ಹೇಳಿದರೆ ಈ ಹುಡುಗ ತನ್ನವರ ಮುಂದೆ ಸೋಲುತ್ತಾನೆ ಎನಿಸಿತು. ಇವನ ಅಪ್ಪನ ಹೆಣದ ಮುಂದೆ ಹಿಂದೂವೊಬ್ಬ ತೀರ್ಪು ಕೊಟ್ಟ ಎಂದು ನಾಳೆ ಚೀನೀಯನ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ. ಒಂದು ಸಲ ನನ್ನ ಬಾಯಿಂದ ಈ ಮನೆಗೆ ಆದದ್ದು ಸಾಕು. ನೆರೆಯವನ ದೇವರಿಗೆ ಕೊಡಬೇಕಾದ ಮರ್ಯಾದೆ ಎಂದರೆ ಇದೇ ಎಂದುಕೊಂಡೆ.

“ಇಲ್ಲ ಮಗಾ. ಇದು ನಿಮ್ಮ ಧರ್ಮದ ವಿಷಯ, ನೀವು ನೀವೇ ನೋಡ್ಕೊಳ್ಳಿ,” ಎಂದೆ.

ಅವನು ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ. “ಏನೂ ಹೇಳಲಿಲ್ವಾ ಕಾಕಾ? ಸರಿಯಾಗಿ ನೆನಪು ಮಾಡ್ಕೊಳ್ಳಿ.”

“ಏನೂ ಇಲ್ಲ.”

“ಹಾಗಾದ್ರೆ ಪೂರ್ವಕ್ಕೆ,” ಎಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದಿನವರು ಏನಂದ ಏನಂದ ಎಂದು ಕೇಳಿದರು. ವಾಗಿಯೋ ಮತ್ತು ಅವನ ಮುದುಕರು ಅಲ್ಲಿಂದಲೇ ಮನೆಗೆ ಹೋದರು.

ಗುಂಡಿಯಲ್ಲಿ ಇಳಿಸುವಾಗ ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ದಕ್ಷಿಣಕ್ಕೆ ತಲೆ. ಅವನ ಗುರುತಿನ ಹಲಗೆಯನ್ನು ಪೋನಿಯೆಮ್‌ಳ ಕಾಲಿನ ಕಡೆ ನೆಟ್ಟರು.

ಮನೆಗೆ ಬರುವಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ ಎಂದರೆ ನಂಬುತ್ತೀರಾ? ಜಗೇಸರ್ ಕೊನೆಗೂ ಮನುಷ್ಯನಾದ, ಹಿರಿಯನಂತೆ ನಡೆದುಕೊಂಡ ಎಂದುಕೊಂಡೆ. ಕಾಲು ತೊಳೆಯಲು ನೀರು ಕೊಡುತ್ತ ಸುರ್ಸತಿ ಕೇಳಿದಳು: “ಅವರಿಗೆ ಮಾತು ಕೊಟ್ಟಿದ್ರಲ್ಲ, ಹೇಳಿದ್ರಾ?” ನಾನು ಅವಳ ಮೇಲೆ ಕೂಗಾಡಿದೆ. ಏನು ಕೂಗಿದೆನೋ ನೆನಪಿಲ್ಲ. ಅವಳು ಚೊಂಬನ್ನು ಅಲ್ಲೇ ಇಟ್ಟು ಒಳಗೆ ಹೋದಳು.

ಮೂರನೆಯ ದಿನ ಮಧ್ಯಾಹ್ನ ಸುಪಾರ್ದಿ ಬಂದ. ಅವನ ಮಸೀದಿಯವರು ಸತ್ತವರ ಮೂರನೆಯ ದಿನದ ಊಟ ಮಾಡುವುದಿಲ್ಲ, ಅದು ಹಳಬರ ಪದ್ಧತಿ. ಸುರ್ಸತಿಯೇ ರೊಟ್ಟಿ, ಆಲೂಗಡ್ಡೆ ಪಲ್ಯ ಮಾಡಿಟ್ಟಿದ್ದಳು. ಅವನು ಎರಡು ತುತ್ತು ತಿಂದು ತಟ್ಟೆಯನ್ನು ಪಕ್ಕಕ್ಕಿಟ್ಟ.

“ಕಾಕಾ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ.”

“ಕೇಳು.”

“ಅಪ್ಪ ಹೋಗೋ ಹಿಂದಿನ ವಾರ ನನ್ನ ಕೈ ಹಿಡ್ಕೊಂಡು ಹೇಳಿದ್ರು, ‘ನನಗೆ ಪಶ್ಚಿಮಕ್ಕೇ ಮಲಗ್ಬೇಕು. ನೀನು ಹೇಳಿದ್ರೆ ನಿನ್ನ ಜನ ನಿನ್ನನ್ನ ಬಿಡಲ್ಲ, ಅಪ್ಪನಿಗೋಸ್ಕರ ಧರ್ಮ ಬಿಟ್ಟ ಅಂತಾರೆ. ನೀನು ಬಾಯಿ ಬಿಡಬೇಡ. ಎಲ್ಲರ ಮುಂದೆ ಜಗೇಸರನ್ನ ಕೇಳು, ಅವನು ಹೇಳ್ತಾನೆ. ಅವನು ಯಾರಿಗೂ ಹೆದರಲ್ಲ. ಸತ್ತೋನ ಕೊನೆ ಆಸೆ ಅಂತ ಹೊರಗಿನೋನು ಸಾಕ್ಷಿ ಹೇಳಿದ್ರೆ ಎರಡು ಕಡೆಯವರೂ ಒಪ್ಲೇಬೇಕು’ ಅಂತ.” ಅವನು ಕೈ ಒರೆಸಿಕೊಂಡ. “ನಾನು ಎರಡು ಸಲ ಕೇಳ್ದೆ ಕಾಕಾ.”

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಬದುಕಲು ಒಂದು ದಾರಿಯಾದರೂ ಇರುತ್ತಿತ್ತು, ನಾನೂ ತಿರುಗಿ ಬೈಯಬಹುದಿತ್ತು.

“ನಿಮ್ಮ ಧರ್ಮ... ನಾನ್ಯಾಕೆ ನಡುವೆ ಬರ್ಲಿ ಅಂತ...”

“ಧರ್ಮ ನಮ್ದೇ ಕಾಕಾ,” ಎಂದ. “ಅಪ್ಪ ನಿಮ್ಮವರೂ ಆಗಿದ್ರಲ್ಲ.”

ಅಡುಗೆಮನೆಯ ಬಾಗಿಲಲ್ಲಿ ಸುರ್ಸತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಗೋರಿಯನ್ನು ತೆಗೆಸಬಹುದೇನೋ ಎಂದು ಕೇಳಿದೆ. ಆಗುವುದಿಲ್ಲವೆಂದು ಅವನು ತಲೆಯಾಡಿಸಿದ. ಒಂದು ಸಲ ಮುಚ್ಚಿದ್ದನ್ನು ಯಾವ ಮಸೀದಿಯವರೂ ತೆಗೆಯಲು ಬಿಡುವುದಿಲ್ಲ. ಅದು ನನಗೂ ಗೊತ್ತಿತ್ತು.

“ಹೇಳಿದ್ದ ಮಗಾ,” ಎಂದೆ. “ಇದೇ ಬೆಂಚಿನ ಮೇಲೆ ಕೂತು ಹೇಳಿದ್ದ. ಪೋನಿಯೆಮ್ ಪಕ್ಕ, ತಲೆ ಉತ್ತರಕ್ಕೆ, ಮುಖ ಪಶ್ಚಿಮಕ್ಕೆ. ನಾನು ಆಗಲಿ ಅಂದಿದ್ದೆ.”

ಸುಪಾರ್ದಿ ಅದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಎದ್ದು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು ಮನೆಗೆ ಹೋದ.