ಮಾಷ್ಟ್ರು ಬರೆದುಕೊಳ್ಳದ ಅರ್ಧ

ಲೋಕನಾಥ ಮಾಷ್ಟ್ರಿಗೆ ಮೂಡಬಿದಿರೆಯಲ್ಲಿ ಶಾಲು ಹೊದೆಸಿದರಂತೆ. ನಮ್ಮ ಸೀಮೆಯಲ್ಲಿ ನಗುವನ್ನು ಹುಟ್ಟಿಸಿದವರು ಇವರೇ ಎಂದು ಯಾರೋ ಭಾಷಣ ಮಾಡಿದರಂತೆ. ಹುಟ್ಟಿಸಿದ್ದಂತೆ, ಮಣ್ಣು. ಹುಟ್ಟಿಸಿದವರು ನಾವು, ಬಂಟ್ವಾಳದಲ್ಲಿ ಬೀಪಾತುಮ್ಮನ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಏಳು ಜನ ಹೆಂಗಸರು. ಅವರು ಎತ್ತಿಕೊಂಡು ಹೋದವರು.

ಹತ್ತು ವರ್ಷದ ಹಿಂದೆ, ಐವತ್ತನಾಲ್ಕನೇ ಇಸವಿಯಲ್ಲಿ, ಶಾಲೆಯ ವಾರ್ಷಿಕೋತ್ಸವಕ್ಕೆ ಅವರು ಒಂದು ಸಣ್ಣ ಪ್ರಹಸನ ಆಡಿಸಿದ್ದರು. ಜನ ನಕ್ಕರು, ಅವರಿಗೆ ಆ ರುಚಿ ಹತ್ತಿತು. ಆಮೇಲೆ ತಂಡ ಕಟ್ಟಿದರು, ಪರದೆ ಹೊಲಿಸಿದರು, ಗ್ಯಾಸ್‌ಲೈಟು ತಂದರು. ಮಂಗಳೂರಿನಿಂದ ನೋಟೀಸು ಅಚ್ಚಾಗಿ ಬರುತ್ತಿತ್ತು. ರಚನೆ, ನಿರ್ದೇಶನ, ನಿರ್ಮಾಣ ಮೂರರ ಮುಂದೆಯೂ ಅವರದೇ ಹೆಸರು. ಹೆಣ್ಣು ಪಾತ್ರಕ್ಕೆ ದರ್ಜಿ ಭೋಜ. ಬೆಳುವಾಯಿಯಿಂದ ಚಾರ್ಮಾಡಿಯ ತನಕ ಅವರ ತುಳು ನಾಟಕ ಆಡದ ಶಾಲೆಯ ಅಂಗಳ ಉಳಿಯಲಿಲ್ಲ.

ಶನಿವಾರ ಶಾಲೆ ಬಿಟ್ಟ ಮೇಲೆ ನಮ್ಮ ಜಗಲಿಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಮಡಿಲಲ್ಲಿ ಮಕ್ಕಳ ಕಾಪಿ ಪುಸ್ತಕ, ಅದರ ಅಡಿಯಲ್ಲಿ ಅವರದೊಂದು ನೋಟುಪುಸ್ತಕ. ಬೀಡಿ ಕಟ್ಟುವಾಗ ಕೈಗೆ ಮಾತ್ರ ಕೆಲಸ, ಬಾಯಿಗೆ ರಜೆ. ನಾವು ನಕ್ಕಲ್ಲೆಲ್ಲ ಅವರ ಪೆನ್ಸಿಲು ಓಡುತ್ತಿತ್ತು. ಮಾಷ್ಟ್ರು ನಮ್ಮ ಮಾತು ಕೇಳಲಿಕ್ಕೆ ಬರುತ್ತಾರೆಂದು ನಮಗೂ ಜಂಬ. ಮರುಳರು ನಾವು.

ಒಂದು ಶನಿವಾರ ನಾನು ನನ್ನ ಅತ್ತೆಯ ಸುದ್ದಿ ಹೇಳಿದೆ. ಅತ್ತೆ ರಾಜೀವಿ ಮೀನು ತೆಗೆದುಕೊಳ್ಳುವುದನ್ನು ನೋಡಬೇಕು. ಬಂಗುಡೆಯನ್ನು ಬಾಲ ಹಿಡಿದು ಎತ್ತಿ, ಕಿವಿರು ಬಿಡಿಸಿ, ಮೂಗಿಗೆ ಹಿಡಿದು ವಿಚಾರಣೆ ಶುರು ಮಾಡುತ್ತಾರೆ: "ಸತ್ಯ ಹೇಳು, ಸಮುದ್ರ ಬಿಟ್ಟು ಎಷ್ಟು ದಿನ ಆಯ್ತು?" ಮೀನು ಮಾರುವ ಉಮ್ಮರ್ ಉತ್ತರ ಕೊಟ್ಟರೆ, "ನಿನ್ನನ್ನು ಕೇಳಿದ್ದಲ್ಲ" ಎಂದು ಗದರುತ್ತಾರೆ. ನಾನು ಒಂದು ಬೀಡಿ ಎಲೆಯನ್ನೇ ಮೀನಿನ ಹಾಗೆ ಹಿಡಿದು ಆಡಿ ತೋರಿಸಿದೆ. ಎಲ್ಲರೂ ನಕ್ಕು ಸುಸ್ತಾದರು.

ಅದೇ ಉಸಿರಿನಲ್ಲಿ ಉಳಿದದ್ದನ್ನೂ ಹೇಳಿದ್ದೆ. ಅತ್ತೆಯ ಚೊಚ್ಚಲ ಮಗು ನಾಲ್ಕು ವರ್ಷದ್ದು. ಹಳಸಿದ ಮೀನು ತಿಂದು ಒಂದು ಹಗಲು ವಾಂತಿ ಮಾಡಿ ತೀರಿಹೋಯಿತು. ಅಂದಿನಿಂದ ಅತ್ತೆ ಕಿವಿರು ನೋಡದೆ ಒಂದು ಬೂತಾಯಿ ಮೀನನ್ನೂ ಮನೆಯೊಳಗೆ ತಂದವರಲ್ಲ. ಮಾಷ್ಟ್ರು ಆಗ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡದ್ದು ನನಗೆ ಸರಿಯಾಗಿ ನೆನಪಿದೆ.

ದೀಪಾವಳಿ ಕಳೆದು ಬಂಟ್ವಾಳದಲ್ಲಿ ಹೊಸ ನಾಟಕ ಆಯಿತು. ನಾನೂ ಅತ್ತೆಯೂ ಚಾಪೆಯಲ್ಲಿ ಮುಂದೆಯೇ ಕೂತಿದ್ದೆವು. ಭೋಜ ಅತ್ತೆಯ ಹಾಗೆಯೇ ಸೆರಗು ಸಿಕ್ಕಿಸಿ, ಬಟ್ಟೆಯ ಮೀನೊಂದನ್ನು ಎತ್ತಿ, "ಸತ್ಯ ಹೇಳು" ಎಂದ. ಅಂಗಳವೇ ಹಾರಿಹೋಗುವ ಹಾಗೆ ಜನ ನಕ್ಕರು. ಮೊದಲು ಅತ್ತೆಯೂ ನಕ್ಕರು. ಆಮೇಲೆ ಅಕ್ಕಪಕ್ಕದವರು ತಿರುತಿರುಗಿ ತಮ್ಮನ್ನೇ ನೋಡುವುದು ಅವರಿಗೆ ಕಂಡಿತು. ನಾನು ನೆಲ ನೋಡುತ್ತಾ ಕೂತೆ.

ಮನೆಗೆ ಬಂದ ಮೇಲೆ ಕೇಳಿದರು. "ನೀನು ಹೇಳಿದ್ದಾ?"

"ಹೌದು ಅತ್ತೆ."

"ಮಗುವಿನದ್ದೂ ಹೇಳಿದ್ಯಾ?"

"ಹೇಳಿದ್ದೆ."

"ಮತ್ತೆ ಅದು ಯಾಕೆ ಇರ್ಲಿಲ್ಲ?"

ಅತ್ತೆ ಬೈದಿದ್ದರೆ, ನಾಲ್ಕು ಬಾರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮರುದಿನ ಅತ್ತೆ ಮಾರ್ಕೆಟ್ಟಿಗೆ ಹೋದರು. ಅವರು ಮೀನಿಗೆ ಕೈ ಹಾಕುವ ಮೊದಲೇ ಸುತ್ತಲಿನವರು ಒಕ್ಕೊರಲಿನಿಂದ "ಸತ್ಯ ಹೇಳು" ಎಂದರಂತೆ. ಉಮ್ಮರ್ ಮಾತ್ರ ನಗಲಿಲ್ಲವಂತೆ. ಖಾಲಿ ಚೀಲ ಹಿಡಿದು ಬಂದರು. ಆಮೇಲೆ ಪೇಟೆಯ ಕಡೆ ತಲೆ ಹಾಕಲಿಲ್ಲ, ಮದುವೆಮನೆಗೂ ಹೋಗಲಿಲ್ಲ. ನಲವತ್ತು ವರ್ಷ ಪೇಟೆಯಲ್ಲಿ ತಲೆಯೆತ್ತಿ ನಡೆದ ಹೆಂಗಸು ಹಿತ್ತಿಲ ಬಾಗಿಲಿನಲ್ಲಿ ಕೂತುಬಿಟ್ಟರು.

ಮೂಡಬಿದಿರೆಯ ಶಾಲು ಸಿಕ್ಕಿದ ಮೇಲಿನ ಶನಿವಾರ ಮಾಷ್ಟ್ರು ನಗುನಗುತ್ತಾ ಜಗಲಿಗೆ ಬಂದರು. ಬೆಳ್ತಂಗಡಿಯಲ್ಲಿ ಅದೇ ನಾಟಕದ ಆಟ ನಿಗದಿಯಾಗಿತ್ತು. ನಾನು ನೇರವಾಗಿಯೇ ಕೇಳಿದೆ.

"ಮಾಷ್ಟ್ರೇ, ಆ ಮೀನಿನ ದೃಶ್ಯ ತೆಗೀರಿ. ಅತ್ತೆ ಮನೆಯಿಂದ ಹೊರಗೆ ಬರುದಿಲ್ಲ."

"ನಾನು ಯಾರ ಹೆಸರೂ ಹೇಳ್ಲಿಲ್ಲ ಮಾರಾಯ್ತಿ. ಜನ ಬರುದೇ ಆ ದೃಶ್ಯಕ್ಕೆ."

"ಹಾಗಾದ್ರೆ ಮಗುವಿನದ್ದನ್ನೂ ಸೇರಿಸಿ."

"ಅದು ಹಾಸ್ಯ ಅಲ್ಲ ಕಾಂತಿ. ನಿನಗೆ ನಾಟಕದ ವಿಷಯ ಗೊತ್ತಾಗ್ಲಿಕ್ಕಿಲ್ಲ. ಹೊಸತು ಏನಾದ್ರೂ ಉಂಟಾ, ಹೇಳು."

ಉಂಟು ಎಂದೆ. ಬೀಡಿ ಎಲೆ ತುಂಬಿದ ತಡ್ಪೆಯನ್ನು ಬದಿಗಿಟ್ಟು ಎದ್ದು ನಿಂತೆ. ಒಬ್ಬ ಮಾಷ್ಟ್ರು. ಬರೆದದ್ದನ್ನೆಲ್ಲ ಹೆಂಡತಿಗೆ ಓದಿ ಹೇಳುತ್ತಾರೆ. ಆಕೆ ರುಬ್ಬುಕಲ್ಲಿನಲ್ಲಿ ಅಕ್ಕಿ ಕಡೆಯುತ್ತಾ, "ಆಯ್ತಾ?" ಎಂದು ಮಾತ್ರ ಕೇಳುತ್ತಾಳೆ. ಮರುದಿನ ಅದನ್ನೇ ಎರಡನೇ ಕ್ಲಾಸಿನ ಮಕ್ಕಳಿಗೆ ಹೇಳುತ್ತಾರೆ. ನಗದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಬೆಂಚಿನ ಮೇಲೆ ಜಾಗ ಸಾಲದೆ ಬಂದಾಗ ಹೆಂಗಸರ ಜಗಲಿಗೆ ಬಂದು, ಕಾಪಿ ಪುಸ್ತಕ ತಲೆಕೆಳಗಾಗಿ ಹಿಡಿದು, ಕಿವಿ ಉದ್ದ ಮಾಡಿ ಕೂರುತ್ತಾರೆ. ಕಂಬಕ್ಕೆ ಒರಗಿ ಅದನ್ನೂ ಆಡಿ ತೋರಿಸಿದೆ. ಬೀಪಾತುಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಉಳಿದವರ ಮಡಿಲಿನ ಎಲೆಗಳೆಲ್ಲ ನೆಲದ ಪಾಲಾದವು.

"ಬರ್ಕೊಳ್ಳಿ ಮಾಷ್ಟ್ರೇ," ಎಂದೆ. "ಹೆಸರು ಹೇಳ್ಲಿಲ್ಲ ನಾನು."

ಅವರ ಮುಖ ಕಪ್ಪಿಟ್ಟಿತ್ತು. ನೋಟುಪುಸ್ತಕ ಮುಚ್ಚಿದರು.

"ಇದೆಲ್ಲ ಆಡ್ಲಿಕ್ಕೆ ಆಗುದಿಲ್ಲ. ಊರಿಗೇ ಗೊತ್ತಾಗ್ತದೆ. ನಾಳೆ ನಾನು ಶಾಲೆಗೆ ಹೋಗುದು ಬೇಡವಾ?"

ನಗು ನಿಂತಿತು. ಬೀಪಾತುಮ್ಮ ಬಿದ್ದ ಎಲೆಗಳನ್ನು ಒಂದೊಂದಾಗಿ ಹೆಕ್ಕುತ್ತಾ ಕೇಳಿದಳು. "ರಾಜೀವಿಯಕ್ಕ ಪೇಟೆಗೆ ಹೋಗುದು ಬೇಡವಾ, ಮಾಷ್ಟ್ರೇ?"

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಬೆಳ್ತಂಗಡಿಯಲ್ಲಿ ಮೀನಿನ ದೃಶ್ಯ ಇರಲಿಲ್ಲವಂತೆ. ಅದು ಯಾಕಿಲ್ಲ ಎಂದು ಜನ ಗಲಾಟೆ ಮಾಡಿದರಂತೆ. ಅತ್ತೆಗೆ ಇದನ್ನು ಹೇಳಿದೆ. ಹೌದಾ ಎಂದರು, ಅಷ್ಟೇ. ಇವತ್ತಿಗೂ ಮಾರ್ಕೆಟ್ಟಿಗೆ ನಾನೇ ಹೋಗುತ್ತೇನೆ.